ಹಗ್ಗ ಹಿಡಿಯುವವರು

ನಕಾಶೆಯಲ್ಲಿ ಅದಕ್ಕೆ ಹೆಸರಿಲ್ಲ.
ಕಂದು ಗೆರೆಗಳು ಒತ್ತೊತ್ತಾಗಿ ಬಂದು
ಒಂದು ಕಡೆ ಒಂದರ ಮೇಲೊಂದು ಬಿದ್ದು ಕಪ್ಪಾಗಿವೆ, ಅಷ್ಟೆ.
ಹೊಸನಗರದ ವೆಲ್ಡಿಂಗ್ ಶಾಪಿನಲ್ಲಿ ಫೆಲಿಕ್ಸ್
ಮಸಿ ಬೆರಳನ್ನು ಆ ಕಪ್ಪಿನ ಮೇಲಿಟ್ಟ:
"ಇಲ್ಲಿ ಗೋಡೆ ಇದೆ ಮಾರಾಯ."

ಮೂರು ಭಾನುವಾರ ನಾವು ಹುಡುಕಿದ್ದು ಗೋಡೆಯನ್ನಲ್ಲ,
ಗೋಡೆಗೆ ಹೋಗುವ ದಾರಿಯನ್ನು.
ಮೊದಲನೆಯದು ಎಸ್ಟೇಟಿನ ಗೇಟಿಗೆ ಬಂದು ನಿಂತಿತು.
ಫೆಲಿಕ್ಸನೇ ಬೆಸೆದ ಗೇಟು; ಬೀಗ ಮಾತ್ರ ಅವರದು.
ಎರಡನೆಯದು, ಮುಳುಗಡೆಗೆ ಮೊದಲಿನ ಗಾಡಿದಾರಿ,
ಹಿನ್ನೀರಿನೊಳಗೆ ಇಳಿದು ಹೋಯಿತು,
ಬುಡದಲ್ಲಿ ಚಕ್ರದ ಗುರುತು ಇನ್ನೂ ನೆಟ್ಟಗೆ.
ಮೂರನೆಯದಕ್ಕೆ ಒಬ್ಬ ಗಾರ್ಡು, ಒಂದು ಪುಸ್ತಕ.

ಪುಸ್ತಕದಲ್ಲಿ 'ಉದ್ದೇಶ' ಎಂಬ ಕಾಲಂ.
ಮೇಲಿನ ಸಾಲುಗಳಲ್ಲಿ: ವಾಟೆಹುಳಿ. ಹರಕೆ. ಕಳೆದ ಎಮ್ಮೆ.
ಮತ್ತೆ ಅದೇ ಎಮ್ಮೆ.
ನಾನು ಬರೆದೆ: ಬಂಡೆ ಹತ್ತಲು.
"ಹತ್ತಿ?"
"ಇಳಿಯೋದು."
ಆತ ನನ್ನ ಅಂಗೈ ನೋಡಿದ, ಕಂಬ ಹತ್ತಿ ಹತ್ತಿ ಕಾಯಿಗಟ್ಟಿದ್ದು.
"ಮೆಸ್ಕಾಂನೋರಲ್ವ? ನಮ್ಮ ಕರೆಂಟು ಹೋಗಿ ಎಂಟು ದಿನ."
ಕ್ವಾರ್ಟರ್ಸಿನ ಫ್ಯೂಸು ಕಟ್ಟಿಕೊಟ್ಟೆ.
ಕಾಡು ತೆರೆಯಿತು.

ದಾರಿ ತೋರಲು ಬಂದವಳು ಗುತ್ಯಮ್ಮ,
ಸೊಂಟದಲ್ಲಿ ಕತ್ತಿ, ಕೊರಳಲ್ಲಿ ಮಗನ ಶಾಲೆಯ ಹಳೆ ಟ್ಯಾಗು.
ಕರಡದ ಹುಲ್ಲು ಮೊಣಕಾಲು ಗೀರುತ್ತಿತ್ತು.
ಎರಡು ಗಂಟೆ ನಡೆದರೂ ನೆರಳಿಲ್ಲ, ನೀರಿಲ್ಲ,
ಆಮೇಲೆ ಏಕಾಏಕಿ, ಹಬ್ಬಕ್ಕೆ ಬಂದ ನೆಂಟನಂತೆ
ಎದುರಿಗೇ ನಿಂತಿತ್ತು ಗೋಡೆ.
ಕೆಂಗಂದು ಮೈ, ಎಷ್ಟೋ ಮಳೆಗಾಲ ಎಳೆದ ಕರಿ ಪಟ್ಟೆ,
ಮೇಲೆ ಚಾಚಿದ ತುಟಿಯ ಅಡಿಗೆ ಹೆಜ್ಜೇನು.
"ಹನ್ನೊಂದು ಹುಟ್ಟು," ಅಂದಳು, ಎಣಿಸದೆ.

ಹಗ್ಗ ಬಿಚ್ಚುವಾಗ ಕೇಳಿದಳು:
"ಇವ್ರು ನಿಮಗೆ ಏನಾಗಬೇಕು?"
ಗೆಳೆಯ, ಅಂದೆ.
"ಗೆಳೆಯ ಅಂದ್ರೆ?"
ಏನೂ ಆಗಬೇಕಾಗಿಲ್ಲ.
"ಇವ್ರ ತಂಗಿ ನಿಮ್ಮನೇಲಿ ಇಲ್ವ?"
ಫೆಲಿಕ್ಸ್ ಜೋರಾಗಿ ನಕ್ಕ. ಅವಳು ನಗಲಿಲ್ಲ.
ಅವಳ ಕಡೆ ಜೇನಿಗೆ ಇಳಿಯುವವನ ಬಳ್ಳಿ
ಭಾವಮೈದನೇ ಹಿಡಿಯಬೇಕಂತೆ.
ಒಡಹುಟ್ಟಿದವನ ಕಣ್ಣು ಪಾಲಿನ ಮೇಲೆ ಹೋದೀತು,
ತಂಗಿಯ ತಾಳಿ ನೋಡಿದವನು ಕೈ ಬಿಡಲಾರ.

ಎಡಗಡೆಯ ಬಿರುಕಿಗೆ ಕೈ ತೂರಿಸಿದೆ.
ಒಳಗೆ ಹೋದ ವರ್ಷದ ಮಳೆ ಇನ್ನೂ ತಣ್ಣಗಿತ್ತು.
ಕಂಬಕ್ಕೆ ಮೆಟ್ಟಿಲುಂಟು, ಇದಕ್ಕೆ ಮರ್ಜಿ.
ಮೂರು ವಾರ ನಾವಿಬ್ಬರೂ ಈ ದಾರಿಗೆ ಹೆಸರು ಯೋಚಿಸಿದ್ದೆವು,
ಮೊದಲು ಹತ್ತಿದವರ ಹಕ್ಕಲ್ಲವೆ ಅದು.
ನಲವತ್ತು ಅಡಿಯ ಮೇಲೆ ಬೆರಳಿಗೆ ತಗುಲಿದ್ದು
ಬೈನೆ ಮರದ ಗೂಟ,
ಕಲ್ಲಿನಷ್ಟೇ ಕಪ್ಪು, ಅಲ್ಲಾಡಿಸಿದರೂ ಅಲುಗದು.
"ಅದು ನಮ್ಮ ದೊಡ್ಡಪ್ಪ ಹೊಡೆದಿದ್ದು," ಕೆಳಗಿನಿಂದ ದನಿ.
"ಅಲ್ಲಿಂದಾಚೆ ಹುಳದ್ದು. ಸಾಕು, ಇಳೀರಿ."

ಕೆಳಗೆ ನೋಡಿದೆ.
ಫೆಲಿಕ್ಸನ ಎರಡೂ ಕೈಯಲ್ಲಿ ಹಗ್ಗ, ಕತ್ತು ಮೇಲೆ.
ಅವನ ಬೆನ್ನ ಹಿಂದೆ ಉಳಿದ ಹಗ್ಗವನ್ನು
ಗುತ್ಯಮ್ಮ ಮೊಣಕೈಗೆ ಎರಡು ಸುತ್ತು ಸುತ್ತಿ
ಹಿಮ್ಮಡಿ ನೆಲಕ್ಕೆ ಊರಿ ಕೂತಿದ್ದಳು,
ಅವನಿಗೆ ಗೊತ್ತೇ ಇರಲಿಲ್ಲ.

ವಾಪಸು ಬರುವಾಗ ಲೆಕ್ಕ ಹೇಳಿದಳು:
ಹುಳ ಬಿಟ್ಟರೆ ನೀರು, ನೀರು ಬಿಟ್ಟರೆ ಹುಳ.
ನಡುವೆ ದೀಪಾವಳಿ ಕಳೆದ ಮೇಲೆ ಇಪ್ಪತ್ತು ದಿನ
ಗೋಡೆ ಯಾರದೂ ಅಲ್ಲ.

ಕ್ವಾರ್ಟರ್ಸಿನಲ್ಲಿ ಬಲ್ಬು ಉರಿಯುತ್ತಿತ್ತು.
ಹೋದ ಹೊತ್ತು ಬರೆದು ಸಹಿ ಹಾಕಿದೆ.
ಗಾರ್ಡು ಪುಸ್ತಕ ತನ್ನತ್ತ ತಿರುಗಿಸಿಕೊಂಡು,
"ಹತ್ತಿದ್ರೋ?" ಎಂದ.
ಸ್ವಲ್ಪ, ಅಂದೆ.
ಆ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.